‘ದಯಾಮರಣಕ್ಕೆ ಅಸ್ತು’ ಎಂದು ಬರೆಯುವ ಮುನ್ನ

ಮಾನ್ಯ ಸಂಪಾದಕರೇ,

‘ದಯಾಮರಣಕ್ಕೆ ಸುಪ್ರೀಂ ಅಸ್ತು’, ‘ಬ್ರಿಟನ್ನಿನಲ್ಲೂ ದಯಾಮರಣಕ್ಕೆ ಗ್ರೀನ್ ಸಿಗ್ನಲ್’, ‘ದಯಾಮರಣ ಕರುಣಿಸಿ: ಜಿಲ್ಲಾಧಿಕಾರಿಗೆ ನೌಕರರ ಮೊರೆ’. ಈ ಮಾದರಿಯ ತಲೆಬರಹಗಳು ಕನ್ನಡ ಓದುಗರಿಗೆ ಹೊಸವಲ್ಲ. ಮೊದಲನೆಯದು ಫಲ ಕೊಡದ ಚಿಕಿತ್ಸೆಯನ್ನು ನಿಲ್ಲಿಸುವ ವಿಚಾರ. ಎರಡನೆಯದು ವೈದ್ಯರು ಒದಗಿಸಿದ ಔಷಧಿಯನ್ನು ರೋಗಿ ತಾನೇ ಸೇವಿಸಿ ಸಾಯುವ ವಿಚಾರ. ಮೂರನೆಯದು ಸಂಬಳ ಬಾಕಿಯ ವಿಚಾರ. ಮೂರಕ್ಕೂ ಪದ ಒಂದೇ.

ಉಪಶಮನ ಆರೈಕೆ (ಗುಣವಾಗದ ರೋಗಿಯ ನೋವು ನರಳಾಟ ತಗ್ಗಿಸುವ ಆರೈಕೆ) ಮತ್ತು ಐಸಿಯು ಕೆಲಸ ಬಲ್ಲ ನಾವು ಈ ಪತ್ರದಲ್ಲಿ ಯಾವ ಕಾನೂನು ಬೇಕು, ಯಾವುದು ಬೇಡ ಎಂದು ವಾದಿಸಲು ಹೊರಟಿಲ್ಲ. ಆ ಬಗ್ಗೆ ನಮ್ಮೊಳಗೇ ಒಮ್ಮತವಿಲ್ಲ. ಒಮ್ಮತ ಇರುವುದು ಒಂದರಲ್ಲಿ ಮಾತ್ರ: ಕೊನೆಯ ಕೆಲಸ ಮಾಡಿದವರು ಯಾರು, ಏನು ಮಾಡಿದರು ಎಂಬುದು ಮೊದಲ ಪ್ಯಾರಾದಲ್ಲೇ ಗೊತ್ತಾಗದಿದ್ದರೆ ಆ ಸುದ್ದಿ ಓದುಗನಿಗೆ ಉಪಯೋಗಕ್ಕಿಂತ ಹೆಚ್ಚು ತೊಂದರೆಯನ್ನೇ ಕೊಡುತ್ತದೆ.

ನೆದರ್‌ಲ್ಯಾಂಡ್ಸ್ ಮತ್ತು ಬೆಲ್ಜಿಯಂನಲ್ಲಿ 2002ರಿಂದ ಕಾನೂನು ಇದೆ. ಅಲ್ಲಿ ರೋಗಿಯ ಕೋರಿಕೆಯಂತೆ ಸಾಮಾನ್ಯವಾಗಿ ವೈದ್ಯರೇ ಔಷಧಿ ಕೊಡುತ್ತಾರೆ. ಕೆನಡಾದಲ್ಲೂ ಬಹುತೇಕ ಹೀಗೆಯೇ. ಅಮೆರಿಕದ ಆರೆಗಾನ್ ರಾಜ್ಯದಲ್ಲಿ 1997ರಿಂದ ಜಾರಿಯಲ್ಲಿರುವ ಕಾನೂನಿನಲ್ಲಿ ವೈದ್ಯರ ಕೆಲಸ ಔಷಧಿ ಬರೆದುಕೊಡುವುದಕ್ಕೆ ಮುಗಿಯುತ್ತದೆ. ಸೇವಿಸಬೇಕಾದದ್ದು ರೋಗಿಯೇ. ಸ್ವಿಟ್ಜರ್‌ಲ್ಯಾಂಡಿನಲ್ಲಿ ಇದಕ್ಕೆಂದು ಪ್ರತ್ಯೇಕ ಅನುಮತಿ ಕಾನೂನು ಇಲ್ಲ. ಸ್ವಾರ್ಥದ ಉದ್ದೇಶದಿಂದ ಒಬ್ಬರ ಆತ್ಮಹತ್ಯೆಗೆ ನೆರವಾದರೆ ಶಿಕ್ಷೆ ಎಂದು ಅಲ್ಲಿನ ದಂಡ ಸಂಹಿತೆಯ 115ನೇ ವಿಧಿ ಹೇಳುತ್ತದೆ. ಸ್ವಾರ್ಥವಿಲ್ಲದ ನೆರವು ಆ ವಿಧಿಯ ಹೊರಗೆ ಉಳಿಯಿತು, ಅಷ್ಟರ ಮೇಲೆ ಸಾಯಲು ನೆರವಾಗುವ ಅಲ್ಲಿನ ಸಂಸ್ಥೆಗಳು ನಡೆಯುತ್ತಿವೆ. ಭಾರತದಲ್ಲಿ ಇವುಗಳಲ್ಲಿ ಯಾವುದೂ ಇಲ್ಲ. ಆರೆಗಾನ್ ಮಾದರಿಯಲ್ಲಿ ಇಲ್ಲಿ ಯಾರಾದರೂ ನೆರವಾದರೆ ಭಾರತೀಯ ನ್ಯಾಯ ಸಂಹಿತೆಯ 108ನೇ ಸೆಕ್ಷನ್, ಅಂದರೆ ಆತ್ಮಹತ್ಯೆಗೆ ಕುಮ್ಮಕ್ಕು, ಅನ್ವಯವಾಗುತ್ತದೆ. ಚುಚ್ಚುಮದ್ದು ಕೊಟ್ಟರೆ ನರಹತ್ಯೆಯ ಸೆಕ್ಷನ್‌ಗಳು. ಇಲ್ಲಿ ಕಾನೂನು ಒಪ್ಪಿರುವುದು ಒಂದನ್ನೇ: ಗುಣವಾಗುವ ಭರವಸೆ ಇಲ್ಲದೆ ಸಾವಿನಂಚಿನಲ್ಲಿರುವ ರೋಗಿಗೆ ಕೃತಕ ಜೀವಾಧಾರ ಚಿಕಿತ್ಸೆಯನ್ನು ಆರಂಭಿಸದಿರುವುದು ಅಥವಾ ಹಿಂತೆಗೆಯುವುದು. ರೋಗ ತನ್ನ ದಾರಿ ಹಿಡಿಯುತ್ತದೆ, ಸಾವು ರೋಗದಿಂದ ಬರುತ್ತದೆ.

ಇದನ್ನೇ ಪತ್ರಿಕೆಗಳು ‘ನಿಷ್ಕ್ರಿಯ ದಯಾಮರಣ’, ‘ಪರೋಕ್ಷ ದಯಾಮರಣ’ ಎನ್ನುತ್ತವೆ. ನ್ಯಾಯಾಲಯದ ತೀರ್ಪುಗಳಲ್ಲೂ ಈ ಪದದ ಇಂಗ್ಲಿಷ್ ರೂಪ ಇದೆ, ಹಾಗಾಗಿ ಪತ್ರಿಕೆಗಳನ್ನಷ್ಟೇ ದೂರುವುದು ನ್ಯಾಯವಲ್ಲ. ಆದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2018ರಲ್ಲಿ ಜೀವನಾಂತ್ಯದ ಆರೈಕೆಯ ಪದಗಳಿಗೆ ವ್ಯಾಖ್ಯಾನ ಕೊಟ್ಟಾಗ ಈ ಪದ ಹಳತಾಗಿದೆ, ಬಿಡಬೇಕು ಎಂದೇ ಹೇಳಿತ್ತು. ಕಾರಣ ಸರಳ. ದಯಾಮರಣ ಎಂದೊಡನೆ ಕೊಲ್ಲುವ ಉದ್ದೇಶ ಇತ್ತು ಎಂದಾಗುತ್ತದೆ. ವೆಂಟಿಲೇಟರ್ ತೆಗೆಯುವಾಗ ಇರುವ ಉದ್ದೇಶ ನರಳಾಟವನ್ನು ಎಳೆಯದಿರುವುದು. ‘ಜೀವಾಧಾರ ಚಿಕಿತ್ಸೆ ಹಿಂತೆಗೆತ’ ಎಂಬುದು ತಲೆಬರಹಕ್ಕೆ ಉದ್ದವಾಯಿತು ಎನ್ನುವುದಾದರೆ ‘ಚಿಕಿತ್ಸೆ ನಿಲುಗಡೆ’ ಸಾಕು.

ಅನುವಾದದ ಮೇಜಿನ ಮೇಲೆ ಆಗುವ ತಪ್ಪುಗಳು ಇನ್ನೂ ಇವೆ. ರಾತ್ರಿ ಪುಟ ಮುಗಿಸುವ ಹೊತ್ತಿಗೆ ಏಜೆನ್ಸಿಯ ಇಂಗ್ಲಿಷ್ ಸುದ್ದಿ ಬಂದಾಗ ‘ಟರ್ಮಿನಲಿ ಇಲ್’ ಎನ್ನುವುದು ‘ಗುಣವಾಗದ ಕಾಯಿಲೆ’ ಆಗುತ್ತದೆ. ಸಕ್ಕರೆ ಕಾಯಿಲೆಯೂ ಗುಣವಾಗದ ಕಾಯಿಲೆಯೇ. ಸಂಧಿವಾತವೂ ಹೌದು. ಆ ಒಂದು ಅನುವಾದದಿಂದ ಆರು ತಿಂಗಳೊಳಗೆ ಸಾವು ಖಚಿತ ಎಂಬಂಥವರಿಗೆ ಮಾತ್ರ ಇರುವ ಕಾನೂನು ಮೊಣಕಾಲು ನೋವಿನವರಿಗೂ ಇದೆ ಎಂದಾಗುತ್ತದೆ. ‘ಕೊನೆಯ ಹಂತದ ಕಾಯಿಲೆ’, ‘ಸಾವಿನಂಚಿನ ರೋಗಿ’ ಎಂದರೆ ಸರಿ. ‘ಅಸಿಸ್ಟೆಡ್ ಸೂಯಿಸೈಡ್’ ಎನ್ನುವುದು ‘ಇಚ್ಛಾಮರಣ’ ಆಗಿ ಬರುತ್ತದೆ. ಇಚ್ಛಾಮರಣ ಎಂದರೆ ನಮ್ಮ ಓದುಗರಿಗೆ ನೆನಪಾಗುವುದು ಶರಶಯ್ಯೆಯ ಭೀಷ್ಮ. ಉತ್ತರಾಯಣಕ್ಕೆ ಕಾದ ಆ ವರಕ್ಕೂ ಎರಡು ವೈದ್ಯರ ಸಹಿ, ಕಾಯುವ ಅವಧಿ, ಲಿಖಿತ ಕೋರಿಕೆ ಇರುವ ಕಾಗದಪತ್ರಕ್ಕೂ ಏನು ಸಂಬಂಧ? ಮುಂದೆ ತನಗೆ ಹೇಳಲಾಗದ ಸ್ಥಿತಿ ಬಂದರೆ ಯಾವ ಚಿಕಿತ್ಸೆ ಬೇಡ ಎಂದು ಮೊದಲೇ ಬರೆದಿಡುವ ‘ಲಿವಿಂಗ್ ವಿಲ್’ ಎಂಬುದು ‘ಜೀವಂತ ಉಯಿಲು’ ಆದದ್ದಂತೂ ತಮಾಷೆಯಾಗಿಯೇ ಮುಗಿಯಬೇಕಿತ್ತು, ಆದರೆ ಮುಗಿದಿಲ್ಲ. ಉಯಿಲು ಎಂದರೆ ಆಸ್ತಿ ಪತ್ರ ಎಂದೇ ಜನ ತಿಳಿಯುತ್ತಾರೆ. ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಬೇಕೇ, ಛಾಪಾ ಕಾಗದ ಎಷ್ಟು ರೂಪಾಯಿಯದು, ಮಕ್ಕಳೆಲ್ಲ ಸಹಿ ಹಾಕಬೇಕೇ ಎಂದು ಕೇಳುತ್ತಾರೆ. ‘ಮುಂಗಡ ವೈದ್ಯಕೀಯ ನಿರ್ದೇಶನ’ ಎಂದರೆ ಈ ಗೊಂದಲ ಹುಟ್ಟುವುದಿಲ್ಲ.

ಆ ನಿರ್ದೇಶನದ ನಿಯಮಗಳನ್ನೇ ನೋಡಿ. ‘ಕಾಮನ್ ಕಾಸ್’ ಸಂಸ್ಥೆ 2005ರಲ್ಲಿ ಹಾಕಿದ ಅರ್ಜಿಯ ಮೇಲೆ 2018ರ ಮಾರ್ಚ್ 9ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಘನತೆಯಿಂದ ಸಾಯುವುದು ಸಂವಿಧಾನದ 21ನೇ ವಿಧಿಯೊಳಗೆ ಬರುತ್ತದೆ ಎಂದಿತು. ಜೊತೆಗೆ ಇಟ್ಟ ವಿಧಾನ ಮಾತ್ರ ಯಾರೂ ದಾಟಲಾಗದಷ್ಟು ಬಿಗಿಯಾಗಿತ್ತು: ನಿರ್ದೇಶನಕ್ಕೆ ಪ್ರಥಮ ದರ್ಜೆ ನ್ಯಾಯಿಕ ಮ್ಯಾಜಿಸ್ಟ್ರೇಟರ ಮೇಲುಸಹಿ, ಆಸ್ಪತ್ರೆಯ ಮಂಡಳಿಯಲ್ಲಿ 20 ವರ್ಷ ಅನುಭವದ ತಜ್ಞರು, ಜಿಲ್ಲಾಧಿಕಾರಿ ನೇಮಿಸುವ ಎರಡನೇ ಮಂಡಳಿ, ಆಮೇಲೆ ಮ್ಯಾಜಿಸ್ಟ್ರೇಟರು ಖುದ್ದು ರೋಗಿಯನ್ನು ನೋಡುವುದು. ಐದು ವರ್ಷದ ಬಳಿಕ, 2023ರ ಜನವರಿ 24ರಂದು, ಇನ್ನೊಂದು ಐವರ ಪೀಠ ಇದನ್ನೆಲ್ಲ ಸಡಿಲಿಸಿತು. ಈಗ 18 ತುಂಬಿದ, ಸ್ವಸ್ಥ ಮನಸ್ಸಿನ ಯಾರಾದರೂ ಇಬ್ಬರು ಸಾಕ್ಷಿಗಳ ಎದುರು ಬರೆದು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿಕೊಳ್ಳಬಹುದು. ತನಗೆ ಬುದ್ಧಿ ಸ್ವಾಧೀನವಿಲ್ಲದಾಗ ತನ್ನ ಪರವಾಗಿ ಮಾತಾಡುವವರ ಹೆಸರು ಅದರಲ್ಲಿ ಇರಬೇಕು. ಒಬ್ಬರಿಗಿಂತ ಹೆಚ್ಚು ಜನರ ಹೆಸರೂ ಇರಬಹುದು. ಅದರ ಒಂದು ಪ್ರತಿ ಅವರಿಗೆ, ಒಂದು ಕುಟುಂಬದ ವೈದ್ಯರಿದ್ದರೆ ಅವರಿಗೆ, ಒಂದು ಸ್ಥಳೀಯ ಆಡಳಿತ ನೇಮಿಸಿದ ಅಧಿಕಾರಿಗೆ. ಮನಸ್ಸು ಬದಲಾದರೆ ಯಾವಾಗ ಬೇಕಾದರೂ ಲಿಖಿತವಾಗಿ ಹಿಂಪಡೆಯಬಹುದು.

ಚಿಕಿತ್ಸೆ ನಿಲ್ಲಿಸಬಹುದೇ ಎಂದು ನೋಡಲು ಆಸ್ಪತ್ರೆಯಲ್ಲಿ ವೈದ್ಯರ ಎರಡು ಮಂಡಳಿ. ಮೊದಲನೆಯದರಲ್ಲಿ ಚಿಕಿತ್ಸೆ ಕೊಡುತ್ತಿರುವ ವೈದ್ಯರ ಜೊತೆ ಕನಿಷ್ಠ 5 ವರ್ಷ ಅನುಭವದ ಇಬ್ಬರು ತಜ್ಞರು. ಎರಡನೆಯದರಲ್ಲಿ ಜಿಲ್ಲೆಯ ಮುಖ್ಯ ವೈದ್ಯಾಧಿಕಾರಿ ಸೂಚಿಸಿದ ಒಬ್ಬರು, ಮೊದಲ ಮಂಡಳಿಯಲ್ಲಿ ಇಲ್ಲದ ಇನ್ನಿಬ್ಬರು. ಎರಡೂ ಮಂಡಳಿಗಳು ಸಾಧ್ಯವಾದಷ್ಟು 48 ಗಂಟೆಯೊಳಗೆ ಅಭಿಪ್ರಾಯ ಹೇಳಬೇಕು. ಮ್ಯಾಜಿಸ್ಟ್ರೇಟರಿಗೆ ಮಾಹಿತಿ ಕೊಟ್ಟರೆ ಸಾಕು, ಅವರು ಬಂದು ನೋಡಬೇಕಿಲ್ಲ. ನಿರ್ದೇಶನ ಬರೆದಿಡದ ರೋಗಿಗೂ ಇದೇ ಎರಡು ಮಂಡಳಿ. ಅಲ್ಲಿ ಒಪ್ಪಿಗೆ ಹತ್ತಿರದ ಬಂಧುಗಳದು. ಮಂಡಳಿ ಒಪ್ಪದಿದ್ದರೆ ಹೈಕೋರ್ಟಿಗೆ ಹೋಗುವ ದಾರಿ ಇದೆ. ಈಗಲೂ ಪತ್ರಿಕೆಗಳ ‘ಏನಿದು ಕಾನೂನು?’ ಎಂಬ ಪೆಟ್ಟಿಗೆಯಲ್ಲಿ 20 ವರ್ಷ ಅನುಭವ, ಜಿಲ್ಲಾಧಿಕಾರಿ, ಮ್ಯಾಜಿಸ್ಟ್ರೇಟರ ಭೇಟಿ ಎಂದೇ ಕಂಡರೆ ಅದು 2018ರ ಹಳೆಯ ಫೈಲಿನಿಂದ ಎತ್ತಿದ್ದು ಎಂದು ತಿಳಿಯಬೇಕು.

ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಹೊರಡಿಸಿದ ಆದೇಶದ ಕಥೆಯೂ ಇದೇ. ಆ ಆದೇಶ ಹೊಸ ಹಕ್ಕು ಕೊಡಲಿಲ್ಲ. ಸುಪ್ರೀಂ ಕೋರ್ಟ್ ಹೇಳಿದ ಮಂಡಳಿಗಳನ್ನು ಆಸ್ಪತ್ರೆಗಳಲ್ಲಿ ಹೇಗೆ ರಚಿಸಬೇಕು ಎಂದು ಹೇಳಿತು, ಅಷ್ಟೆ. ಇದನ್ನು ದಯಾಮರಣದೊಂದಿಗೆ ಬೆರೆಸಬೇಡಿ ಎಂದು ಸಚಿವ ದಿನೇಶ್ ಗುಂಡೂರಾವ್ ಆಗಲೇ ಸ್ಪಷ್ಟಪಡಿಸಿದ್ದರು. ಆದರೂ ‘ರಾಜ್ಯದಲ್ಲಿ ದಯಾಮರಣಕ್ಕೆ ಅವಕಾಶ’ ಎಂಬರ್ಥದ ತಲೆಬರಹಗಳೇ ಹರಿದಾಡಿದವು. ಬಹುಕಾಲದಿಂದ ಸಾಯುವ ಹಕ್ಕು ಕೇಳುತ್ತಿದ್ದ ಹಿರಿಯ ಜೀವಕ್ಕೆ ಇನ್ನು ದಾರಿ ತೆರೆಯಿತು ಎಂದೂ ಓದಿದೆವು. ಜೀವಾಧಾರ ಯಂತ್ರದ ಮೇಲೆ ಇಲ್ಲದ, ಎದ್ದು ಕೂತು ಮಾತಾಡುವ ವ್ಯಕ್ತಿಗೆ ಆ ಆದೇಶದಲ್ಲಿ ಹಿಂತೆಗೆಯುವುದಕ್ಕೆ ಏನಿದೆ? ಈ ಒಂದು ಪ್ರಶ್ನೆಯನ್ನು ವರದಿಗಾರರು ಫೋನಿನಲ್ಲಿ ಯಾವ ಐಸಿಯು ವೈದ್ಯರನ್ನು ಕೇಳಿದ್ದರೂ ಸುದ್ದಿ ಬೇರೆಯಾಗುತ್ತಿತ್ತು.

ಪದದ ಬಗ್ಗೆ ಇಷ್ಟೊಂದು ಹಟ ಏಕೆ ಎಂದು ಕೇಳಬಹುದು. ಪತ್ರಿಕೆಯ ಪದ ಐಸಿಯು ಬಾಗಿಲವರೆಗೂ ಬರುತ್ತದೆ. ಇನ್ನು ಉಪಯೋಗವಿಲ್ಲ, ಯಂತ್ರ ತೆಗೆಯುವ ಬಗ್ಗೆ ಯೋಚಿಸೋಣ ಎಂದು ವೈದ್ಯರು ಕೂರಿಸಿಕೊಂಡು ಹೇಳಿದಾಗ ಮಗನ ಬಾಯಲ್ಲಿ ಬರುವ ಮೊದಲ ಮಾತು ‘ಅದು ದಯಾಮರಣ ಅಲ್ವಾ ಸಾರ್, ಕೋರ್ಟಿಂದ ಆರ್ಡರ್ ತರಬೇಕಲ್ವಾ?’ ಎಂಬುದು. ‘ನಾವೇ ಸಾಯ್ಸಿದ ಹಾಗಾಗುತ್ತೆ’ ಎನ್ನುವ ಅಕ್ಕ ಇನ್ನೊಂದು ಕಡೆ. ವೈದ್ಯರಿಗೂ ಪೊಲೀಸ್ ಕೇಸಿನ ಭಯ. ಕೊನೆಗೆ ಎಲ್ಲರೂ ಹಿಡಿಯುವುದು ಆಸ್ಪತ್ರೆಯವರು ‘ಡಾಮಾ’ ಎನ್ನುವ ದಾರಿ: ವೈದ್ಯರ ಸಲಹೆಗೆ ವಿರುದ್ಧವಾಗಿ ಕರೆದೊಯ್ಯುತ್ತಿದ್ದೇವೆ ಎಂದು ಬಂಧುಗಳು ಸಹಿ ಹಾಕುವುದು.

ಆಮೇಲೆ ಏನಾಗುತ್ತದೆ ಎಂಬುದನ್ನು ಪತ್ರಿಕೆಗಳು ಬರೆಯುವುದೇ ಇಲ್ಲ. ಆಂಬುಲೆನ್ಸಿನಲ್ಲಿ ಒಬ್ಬ ಸಹಾಯಕ ಕೈಯಿಂದ ಉಸಿರು ತುಂಬುವ ಅಂಬು ಬ್ಯಾಗ್ ಒತ್ತುತ್ತ ಕೂತಿರುತ್ತಾನೆ. ಮನೆಯ ಹಜಾರಕ್ಕೆ ತಂದು ಮಲಗಿಸಿದ ಮೇಲೆ ಗಂಟಲಿನ ಕೊಳವೆ ಎಳೆದು ಅವನು ಹೊರಡುತ್ತಾನೆ. ಮಾರ್ಫಿನ್ ಇಲ್ಲ, ಕಫ ತೆಗೆಯುವ ಸಾಧನವಿಲ್ಲ, ಏನಾಗಲಿದೆ ಎಂದು ಹೇಳುವವರಿಲ್ಲ. ಮನೆಯವರೆಲ್ಲರ ಕಣ್ಣೆದುರೇ ಆ ಜೀವ ಉಸಿರಿಗಾಗಿ ಏದುತ್ತದೆ. ದಾಖಲೆಯಲ್ಲಿ ಇದು ‘ದಯಾಮರಣ’ ಅಲ್ಲ, ‘ಬಿಡುಗಡೆ’.

ಅದೇ ಕೆಲಸ ನಿಯಮದಂತೆ ಆಸ್ಪತ್ರೆಯಲ್ಲೇ ಆದರೆ ಹೀಗಿರುತ್ತದೆ. ಮೊದಲು ಮಾನಿಟರಿನ ಅಲಾರಂ ಸದ್ದು ನಿಲ್ಲಿಸುತ್ತಾರೆ. ಪದೇ ಪದೇ ರಕ್ತ ತೆಗೆಯುವುದು, ರಕ್ತದೊತ್ತಡ ಏರಿಸುವ ಔಷಧಿ, ಉಪಯೋಗವಿಲ್ಲದ ಆ್ಯಂಟಿಬಯಾಟಿಕ್ ನಿಲ್ಲುತ್ತವೆ. ಸ್ನಾಯುಗಳನ್ನು ಸಡಿಲಗೊಳಿಸುವ ಔಷಧಿ ಕೊಟ್ಟಿದ್ದರೆ ಅದರ ಪರಿಣಾಮ ಪೂರ್ತಿ ಇಳಿಯುವವರೆಗೆ ಕಾಯುತ್ತಾರೆ. ಇಲ್ಲದಿದ್ದರೆ ರೋಗಿ ನರಳುತ್ತಿದ್ದರೂ ಮುಖದಲ್ಲಿ ಕಾಣುವುದಿಲ್ಲ. ಉಸಿರಿನ ಸಂಕಟ ಶುರುವಾದ ಮೇಲೆ ಅಲ್ಲ, ಶುರುವಾಗುವ ಮುನ್ನವೇ ಮಾರ್ಫಿನ್ ಮತ್ತು ಆತಂಕ ತಗ್ಗಿಸುವ ಔಷಧಿ ಸಿದ್ಧವಾಗಿರುತ್ತವೆ. ಸಂಕಟ ನೋಡಿಕೊಂಡು ಅಳತೆ ಹೊಂದಿಸುತ್ತಾರೆ. ಬಳಿಕ ವೆಂಟಿಲೇಟರಿನ ಒತ್ತಡ, ಆಮ್ಲಜನಕ ಹಂತ ಹಂತವಾಗಿ ಇಳಿಯುತ್ತದೆ, ಅಥವಾ ಕಫ ತೆಗೆದು ಕೊಳವೆಯನ್ನೇ ಹೊರತೆಗೆಯುತ್ತಾರೆ. ಗಂಟಲಲ್ಲಿ ಗೊರಗೊರ ಸದ್ದು ಬರಬಹುದು, ಅದು ನೋವಿನ ಸದ್ದಲ್ಲ ಎಂದು ಬಂಧುಗಳಿಗೆ ಮೊದಲೇ ಹೇಳಿರುತ್ತಾರೆ. ಸಾವು ಕೆಲವು ನಿಮಿಷಗಳಲ್ಲಿ ಬರಬಹುದು, ಕೆಲವು ದಿನಗಳೂ ಹಿಡಿಯಬಹುದು. ಆ ದಿನಗಳಲ್ಲಿ ಬಾಯಿ ಒದ್ದೆ ಮಾಡುವುದು, ಮಗ್ಗಲು ಬದಲಿಸುವುದು ನಡೆದೇ ಇರುತ್ತದೆ. ನಿಲ್ಲುವುದು ಚಿಕಿತ್ಸೆ, ಆರೈಕೆಯಲ್ಲ. ‘ಪ್ಲಗ್ ಕಿತ್ತರು’, ‘ಸ್ವಿಚ್ ಆಫ್ ಮಾಡಿದರು’ ಎಂಬ ಪದಗಳಲ್ಲಿ ಇದರಲ್ಲಿ ಒಂದೂ ಇಲ್ಲ.

ಮಾರ್ಫಿನ್ ಬಗ್ಗೆಯೂ ಒಂದು ಮಾತು. ಸಿನಿಮಾ ಧಾರಾವಾಹಿಗಳ ಪ್ರಭಾವವೋ ಏನೋ, ಕೊನೆಯ ಹಂತದಲ್ಲಿ ಮಾರ್ಫಿನ್ ಕೊಟ್ಟರು ಎಂದರೆ ‘ಕೊಟ್ಟು ಕಳಿಸಿಬಿಟ್ಟರು’ ಎಂದೇ ಅರ್ಥವಾಗಿದೆ. ನೋವಿಗೆ ಸರಿಯಾದ ಅಳತೆಯಲ್ಲಿ ಕೊಟ್ಟ ಮಾರ್ಫಿನ್ ಸಾವನ್ನು ತರುವುದಕ್ಕಲ್ಲ, ಆ ಹೊತ್ತನ್ನು ಸಹ್ಯವಾಗಿಸುವುದಕ್ಕೆ. ಮಾದಕ ವಸ್ತು ಕಾಯ್ದೆಗೆ 2014ರಲ್ಲಿ ತಿದ್ದುಪಡಿ ತಂದು ಮಾನ್ಯತೆ ಪಡೆದ ಆಸ್ಪತ್ರೆಗಳಿಗೆ ಇದನ್ನು ಸುಲಭಗೊಳಿಸಿದ್ದೂ ಅದಕ್ಕೇ. ದಯಾಮರಣದ ಚರ್ಚೆಗೆ ಇಡೀ ಪುಟ ಕೊಡುವ ಪತ್ರಿಕೆ, ತಮ್ಮ ಜಿಲ್ಲೆಯಲ್ಲಿ ಬಾಯಲ್ಲಿ ನುಂಗುವ ಮಾರ್ಫಿನ್ ಮಾತ್ರೆ ಎಲ್ಲಿ ಸಿಗುತ್ತದೆ ಎಂದು ಒಂದು ಕಾಲಂ ಬರೆದರೆ ಅದನ್ನು ಕತ್ತರಿಸಿ ಇಟ್ಟುಕೊಳ್ಳುವವರು ಬಹಳ ಜನ ಇದ್ದಾರೆ.

1973ರ ಹಲ್ಲೆಯಲ್ಲಿ ಮಿದುಳಿಗೆ ಪೆಟ್ಟಾಗಿ ದಶಕಗಳ ಕಾಲ ಆಸ್ಪತ್ರೆಯಲ್ಲೇ ಉಳಿದ ಮುಂಬೈಯ ನರ್ಸ್ ಅರುಣಾ ಶಾನಭಾಗ್ ಅವರ ಪ್ರಕರಣವನ್ನು ನೆನೆಯದೆ ನಮ್ಮಲ್ಲಿ ಈ ವಿಷಯದ ಲೇಖನ ಮುಗಿಯುವುದಿಲ್ಲ. ಅದರಲ್ಲೂ ಮೂರು ತಪ್ಪು ಮತ್ತೆ ಮತ್ತೆ ಅಚ್ಚಾಗುತ್ತವೆ. ಅವರು ‘42 ವರ್ಷ ಕೋಮಾದಲ್ಲಿದ್ದರು’ ಎಂಬುದು ಮೊದಲನೆಯದು. ಕೋಮಾದಲ್ಲಿ ಕಣ್ಣು ಮುಚ್ಚಿಯೇ ಇರುತ್ತದೆ, ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಅದು ಸಾವಿನತ್ತಲೋ ಎಚ್ಚರದತ್ತಲೋ ಬೇರೊಂದು ಸ್ಥಿತಿಯತ್ತಲೋ ತಿರುಗುತ್ತದೆ. ಅರುಣಾ ಅವರನ್ನು ನೋಡಿದ ಮೂವರು ವೈದ್ಯರ ತಂಡ ನ್ಯಾಯಾಲಯಕ್ಕೆ ಹೇಳಿದ್ದು ಜಡಸ್ಥಿತಿಯ ಬಹುತೇಕ ಲಕ್ಷಣಗಳಿವೆ ಎಂದು. ಆ ಸ್ಥಿತಿಯಲ್ಲಿ ನಿದ್ದೆ ಎಚ್ಚರಗಳ ಸರದಿ ಇರುತ್ತದೆ, ಕಣ್ಣು ತೆರೆದಿರುತ್ತದೆ, ಅರಿವಿನ ಗುರುತು ಇರುವುದಿಲ್ಲ. ಆಗ ಅವರು ವೆಂಟಿಲೇಟರ್ ಮೇಲೆ ಇರಲಿಲ್ಲ. ಎರಡನೆಯ ತಪ್ಪು, ‘2011ರಲ್ಲಿ ಕೋರ್ಟ್ ಅವರಿಗೆ ದಯಾಮರಣ ಕೊಟ್ಟಿತು’ ಎಂಬುದು. 2011ರ ಮಾರ್ಚ್ 7ರಂದು ಅರುಣಾ ಪರವಾಗಿ ಪತ್ರಕರ್ತೆ ಪಿಂಕಿ ವಿರಾನಿ ಹಾಕಿದ್ದ ಅರ್ಜಿಯನ್ನು ಸುಪ್ರೀಂ ಕೋರ್ಟ್ ತಿರಸ್ಕರಿಸಿತು. ಅರುಣಾ ಅವರ ನಿಜವಾದ ‘ಆಪ್ತಮಿತ್ರರು’, ಅಂದರೆ ಅವರ ಪರವಾಗಿ ಮಾತಾಡಬೇಕಾದವರು, ಅವರನ್ನು ನೋಡಿಕೊಳ್ಳುತ್ತಿದ್ದ ಮುಂಬೈಯ ಕೆಇಎಂ ಆಸ್ಪತ್ರೆಯ ಸಿಬ್ಬಂದಿ, ಅವರು ಬೇಡ ಎನ್ನುತ್ತಿದ್ದಾರೆ ಎಂದಿತು. ಹೈಕೋರ್ಟಿನ ಒಪ್ಪಿಗೆಯೊಡನೆ ಚಿಕಿತ್ಸೆ ನಿಲ್ಲಿಸಬಹುದು ಎಂಬ ತತ್ತ್ವವನ್ನು ಇತರ ಪ್ರಕರಣಗಳಿಗಾಗಿ ಒಪ್ಪಿತು. ಅರ್ಜಿ ಬಿತ್ತು, ತತ್ತ್ವ ನಿಂತಿತು. ಒಂದು ಸಾಲಿನ ತಲೆಬರಹದಲ್ಲಿ ಎರಡೂ ಹಿಡಿಯಲಿಲ್ಲ. ಮೂರನೆಯದು, ಅವರ ಸಾವು. ಅವರು 2015ರ ಮೇ 18ರಂದು ನ್ಯುಮೋನಿಯಾದಿಂದ ತೀರಿಕೊಂಡರು. ಯಾರೂ ಏನನ್ನೂ ಹಿಂತೆಗೆದಿರಲಿಲ್ಲ.

ಮಿದುಳು ಸಾವಿನ ಸುದ್ದಿಯಲ್ಲೂ ಇದೇ ಎಡವಟ್ಟು. 1994ರ ಅಂಗಾಂಗ ಕಸಿ ಕಾಯ್ದೆಯಂತೆ ನಾಲ್ವರು ವೈದ್ಯರ ಮಂಡಳಿ ಕನಿಷ್ಠ 6 ಗಂಟೆ ಅಂತರದಲ್ಲಿ ಎರಡು ಬಾರಿ ಪರೀಕ್ಷಿಸಿ ಮಿದುಳಿನ ಕಾಂಡ ಸತ್ತಿದೆ ಎಂದು ದೃಢೀಕರಿಸಿದರೆ ಆ ವ್ಯಕ್ತಿ ತೀರಿಕೊಂಡಂತೆಯೇ. ಆಮೇಲೆ ವೆಂಟಿಲೇಟರ್ ತೆಗೆಯುವುದು ಯಾವ ಅರ್ಥದಲ್ಲೂ ದಯಾಮರಣವಲ್ಲ. ‘ಮಿದುಳು ನಿಷ್ಕ್ರಿಯಗೊಂಡು ಸಾವು ಬದುಕಿನ ನಡುವೆ ಹೋರಾಡುತ್ತಿದ್ದ ಯುವಕನ ಅಂಗಾಂಗ ದಾನ’ ಎಂದು ಬರೆದರೆ, ಬದುಕಿದ್ದವನಿಂದ ಅಂಗ ತೆಗೆದರು ಎಂದೇ ಓದುಗ ತಿಳಿಯುತ್ತಾನೆ. ತಪ್ಪು ಅವನದಲ್ಲ.

ಹೊರದೇಶದ ಅಂಕಿಗಳು ಬಂದಾಗ ಛೇದವನ್ನು, ಅಂದರೆ ಯಾವುದರಲ್ಲಿ ಎಷ್ಟು ಎಂಬುದನ್ನು, ನೋಡಬೇಕು. ಕೆನಡಾದಲ್ಲಿ 2023ರಲ್ಲಿ ವೈದ್ಯಕೀಯ ನೆರವಿನಿಂದ ಸತ್ತವರು 15,343 ಮಂದಿ, ಆ ವರ್ಷದ ಒಟ್ಟು ಸಾವಿನ ಶೇ 4.7. ‘ಇಪ್ಪತ್ತರಲ್ಲಿ ಒಬ್ಬ ಕೆನಡಿಗನಿಗೆ ದಯಾಮರಣ’ ಎಂದು ಬರೆದರೆ ಬದುಕಿರುವ ಇಪ್ಪತ್ತು ಜನರಲ್ಲಿ ಒಬ್ಬ ಎಂದಾಗುತ್ತದೆ. ಇದು ಸತ್ತವರಲ್ಲಿನ ಪಾಲು. ಅವರಲ್ಲಿ ಸಹಜ ಸಾವು ಸಮೀಪದಲ್ಲಿ ಕಾಣದಿದ್ದವರು 622 ಮಂದಿ. ವಿವಾದ ಇರುವುದು ಮುಖ್ಯವಾಗಿ ಈ 622ರ ಸುತ್ತ, ಅದರಲ್ಲೂ ಅಂಗವಿಕಲರು ಎತ್ತಿರುವ ಪ್ರಶ್ನೆಗಳ ಸುತ್ತ. ಎರಡೂ ಸಂಖ್ಯೆ ಕೊಡದೆ ಬರೆದ ಸುದ್ದಿ ಒಂದೋ ಗಾಬರಿ ಹುಟ್ಟಿಸುತ್ತದೆ, ಇಲ್ಲವೇ ನಿಜವಾದ ತಕರಾರನ್ನು ಮುಚ್ಚುತ್ತದೆ. ಆರೆಗಾನ್‌ನಲ್ಲಿ ಅದೇ ವರ್ಷ 560 ಜನರಿಗೆ ಔಷಧಿ ಬರೆದುಕೊಟ್ಟಿದ್ದರು. ಅದನ್ನು ಸೇವಿಸಿ ಸತ್ತವರು 367, ಅವರಲ್ಲಿ 30 ಮಂದಿಗೆ ಚೀಟಿ ಸಿಕ್ಕಿದ್ದು ಹಿಂದಿನ ವರ್ಷಗಳಲ್ಲಿ. ಚೀಟಿ ಪಡೆದವರನ್ನೂ ಸತ್ತವರನ್ನೂ ಒಂದೇ ಎಂದು ಎಣಿಸಿದರೆ ಔಷಧಿ ಕೈಯಲ್ಲಿಟ್ಟುಕೊಂಡೂ ತೆಗೆದುಕೊಳ್ಳದ ದೊಡ್ಡ ಗುಂಪೊಂದು ಕಣ್ಣಿಂದ ಮರೆಯಾಗುತ್ತದೆ.

ಜನಮತ ಸಮೀಕ್ಷೆಗಳಲ್ಲಿ ಪ್ರಶ್ನೆಯ ಪದಗಳನ್ನು ಅಚ್ಚು ಮಾಡದೆ ಉತ್ತರವನ್ನು ಮಾತ್ರ ಅಚ್ಚು ಮಾಡುವುದು ಇನ್ನೊಂದು ರೂಢಿ. ಅಮೆರಿಕದಲ್ಲಿ ಗ್ಯಾಲಪ್ ಸಂಸ್ಥೆ 2013ರಲ್ಲಿ ಒಂದೇ ವಿಷಯವನ್ನು ಎರಡು ಬಗೆಯಲ್ಲಿ ಕೇಳಿತು. ನೋವಿಲ್ಲದ ವಿಧಾನದಿಂದ ರೋಗಿಯ ಜೀವ ಕೊನೆಗೊಳಿಸಲು ವೈದ್ಯರಿಗೆ ಕಾನೂನು ಅವಕಾಶ ಕೊಡಬೇಕೇ ಎಂದಾಗ ಶೇ 70 ಮಂದಿ ಹೌದು ಎಂದರು. ‘ಆತ್ಮಹತ್ಯೆ’ಗೆ ವೈದ್ಯರು ನೆರವಾಗಲು ಅವಕಾಶ ಕೊಡಬೇಕೇ ಎಂದಾಗ ಹೌದು ಎಂದವರು ಶೇ 51. ಒಂದು ಪದಕ್ಕೆ 19 ಅಂಶ. ಚರ್ಚೆಯ ಎರಡೂ ಬಣಗಳು ತಮಗೆ ಹೊಂದುವ ಪದವನ್ನೇ ಪತ್ರಿಕಾ ಹೇಳಿಕೆಯಲ್ಲಿ ಕಳಿಸುವುದು ಇದಕ್ಕೇ. ಹೇಳಿಕೆಯ ಪದವನ್ನು ಹಾಗೇ ಎತ್ತಿ ತಲೆಬರಹ ಮಾಡಿದರೆ ಪತ್ರಿಕೆ ತನಗೆ ತಿಳಿಯದಂತೆಯೇ ಒಂದು ಪಕ್ಷ ಸೇರಿಕೊಂಡಿರುತ್ತದೆ.

ಸಂಸ್ಥೆಗಳ ನಿಲುವಿನ ವರದಿಯಲ್ಲೂ ಜಾರುತ್ತೇವೆ. ವೈದ್ಯರ ನೆರವಿನ ಸಾವಿನ ವಿಷಯದಲ್ಲಿ ಬ್ರಿಟಿಷ್ ವೈದ್ಯರ ಸಂಘ 2021ರಲ್ಲಿ ವಿರೋಧದ ನಿಲುವನ್ನು ಬಿಟ್ಟು ತಟಸ್ಥವಾಯಿತು, ಅದೂ ಶೇ 49ಕ್ಕೆ 48ರ ಅಂತರದಲ್ಲಿ. ಅದು ‘ವೈದ್ಯರ ಸಂಘದ ಬೆಂಬಲ’ ಅಲ್ಲ. ವಿಶ್ವ ವೈದ್ಯಕೀಯ ಸಂಘ 2019ರಲ್ಲಿ ಜಾರ್ಜಿಯಾ ದೇಶದ ತಿಬಿಲಿಸಿಯಲ್ಲಿ ತನ್ನ ವಿರೋಧವನ್ನು ಮತ್ತೆ ದಾಖಲಿಸಿತು. ಸಾವಿನಂಚಿನ ರೋಗಿಗೆ ಇಂಥ ನೆರವು ಕೊಡುವ ಬ್ರಿಟನ್ನಿನ ಮಸೂದೆಯ ವಿಷಯಕ್ಕೆ ಬಂದರೆ, 2024ರ ನವೆಂಬರ್ 29ರಂದು ಕೆಳಮನೆಯಲ್ಲಿ 330–275, 2025ರ ಜೂನ್ 20ರಂದು 314–291 ಮತ. ಅಂತರ 55ರಿಂದ 23ಕ್ಕೆ ಇಳಿದದ್ದೇ ಸುದ್ದಿಯ ಜೀವಾಳ. ಆ ದಿನ ಕಾನೂನೇನೂ ಜಾರಿಯಾಗಲಿಲ್ಲ, ಮಸೂದೆ ಮೇಲ್ಮನೆಗೆ ಹೋಗಬೇಕಿತ್ತು. ಅದು ಇಡೀ ಬ್ರಿಟನ್ನಿನದ್ದೂ ಅಲ್ಲ, ಇಂಗ್ಲೆಂಡ್ ಮತ್ತು ವೇಲ್ಸಿಗೆ ಮಾತ್ರ. ‘ಜಾರಿ’ ಎಂಬ ಪದಕ್ಕೆ ನಮ್ಮ ಸುದ್ದಿಮನೆಗಳಲ್ಲಿ ಇಷ್ಟು ಅಗ್ಗದ ಬೆಲೆ ಇರಬಾರದು.

2019ರ ಜೂನ್‌ನಲ್ಲಿ ನೆದರ್‌ಲ್ಯಾಂಡ್ಸ್‌ನ 17 ವರ್ಷದ ಹುಡುಗಿಯೊಬ್ಬಳ ಸಾವು ಜಗತ್ತಿನ ಪತ್ರಿಕೆಗಳಲ್ಲೆಲ್ಲ ‘ಕಾನೂನುಬದ್ಧ ದಯಾಮರಣ’ ಎಂದು ಬಂತು. ವಾಸ್ತವ ಏನೆಂದರೆ, ಆಕೆ ಹಿಂದೊಮ್ಮೆ ಕೇಳಿದ್ದಳು, ಅಲ್ಲಿನ ಸಂಸ್ಥೆ ನಿರಾಕರಿಸಿತ್ತು. ಆಕೆ ಅನ್ನ ನೀರು ಬಿಟ್ಟು ಮನೆಯಲ್ಲಿ ತೀರಿಕೊಂಡಳು. ಡಚ್ ಪತ್ರಿಕೆಗಳಲ್ಲಿ ಸರಿಯಾಗಿಯೇ ಇದ್ದ ಸುದ್ದಿ ಇಂಗ್ಲಿಷಿಗೆ ಬರುವಾಗ ತಿರುಚಿಕೊಂಡಿತು. ಡಚ್ ಬಲ್ಲ ಪತ್ರಕರ್ತೆಯೊಬ್ಬರು ಮೂಲ ವರದಿಯನ್ನು ಓದಿ ತಪ್ಪನ್ನು ತೋರಿಸುವ ಹೊತ್ತಿಗೆ ಅದು ಲೋಕವನ್ನೆಲ್ಲ ಸುತ್ತಿ ಬಂದಿತ್ತು. ಮೂಲ ಭಾಷೆಯ ಪತ್ರಿಕೆಯನ್ನು ಯಂತ್ರಾನುವಾದದಲ್ಲಾದರೂ ಒಮ್ಮೆ ನೋಡುವುದಕ್ಕೆ ಹತ್ತು ನಿಮಿಷ ಸಾಕು.

ಅದರಷ್ಟೇ ಕಸಿವಿಸಿ ಕೊಡುವುದು ಪ್ರೇಮಕಥೆಯ ಧಾಟಿ. ಡಚ್ಚರ ಮಾಜಿ ಪ್ರಧಾನಿ ಡ್ರೀಸ್ ಫಾನ್ ಆಖ್ಟ್ ಮತ್ತು ಪತ್ನಿ, ಇಬ್ಬರೂ 93ರ ವಯಸ್ಸಿನವರು, 2024ರ ಫೆಬ್ರುವರಿ 5ರಂದು ಒಟ್ಟಿಗೆ ಸಾವನ್ನು ಆರಿಸಿಕೊಂಡಾಗ ‘ಸಾವಿನಲ್ಲೂ ಒಂದಾದ ಜೋಡಿ’ ಎಂಬ ಬಗೆಯ ಬರಹಗಳು ಬಂದವು. ಇಬ್ಬರಿಗೂ ಪ್ರತ್ಯೇಕ ಪರೀಕ್ಷೆ ಇರುತ್ತದೆ, ಒಬ್ಬರು ಅರ್ಹರಾದರೆ ಇನ್ನೊಬ್ಬರು ತಾನಾಗಿ ಅರ್ಹರಾಗುವುದಿಲ್ಲ ಎಂಬುದನ್ನು ಬರೆದವರು ಕಡಿಮೆ. ಆ ದೇಶದಲ್ಲಿ 2022ರಲ್ಲಿ ಹೀಗೆ ಸತ್ತ 8,720 ಜನರಲ್ಲಿ ಜೋಡಿಗಳು 29. ಇಂಥ ವರದಿಗೆ ಭಾರತೀಯ ಪತ್ರಿಕಾ ಮಂಡಳಿ 2019ರಲ್ಲಿ ಆತ್ಮಹತ್ಯೆ ವರದಿಗಾಗಿ ಕೊಟ್ಟ ಸೂಚನೆಗಳೇ ದಿಕ್ಕು ತೋರಬಲ್ಲವು: ವಿಧಾನದ ವಿವರ ಬೇಡ, ಎದ್ದು ಕಾಣುವಂತೆ ಹಾಕಬೇಡಿ, ಸಾವನ್ನು ಸಮಸ್ಯೆಗೆ ಪರಿಹಾರ ಎಂಬಂತೆ ತೋರಿಸಬೇಡಿ. 2024ರ ಸೆಪ್ಟೆಂಬರ್‌ನಲ್ಲಿ ಸ್ವಿಟ್ಜರ್‌ಲ್ಯಾಂಡಿನಲ್ಲಿ ಒಬ್ಬರ ಸಾವಿಗೆ ಬಳಕೆಯಾದ ಒಂದು ಯಂತ್ರದ ಬಣ್ಣದ ಚಿತ್ರ, ಅದು ಕೆಲಸ ಮಾಡುವ ಬಗೆ, ಎಷ್ಟು ಹೊತ್ತು ಎಂಬುದನ್ನೆಲ್ಲ ಹೊಸ ಮೊಬೈಲು ಬಂದಂತೆ ಬರೆದ ಜಾಲತಾಣಗಳು ಆ ಸೂಚನೆಗಳನ್ನು ತೆರೆದೂ ನೋಡಿರಲಿಕ್ಕಿಲ್ಲ.

ಇನ್ನು ‘ದಯಾಮರಣ ಕೊಡಿ’ ಎಂಬ ಮನವಿಗಳ ಸುದ್ದಿ. ರಾಷ್ಟ್ರಪತಿಗಾಗಲಿ ಜಿಲ್ಲಾಧಿಕಾರಿಗಾಗಲಿ ಅಂಥದ್ದನ್ನು ಕೊಡುವ ಅಧಿಕಾರ ಯಾವ ಕಾನೂನಿನಲ್ಲೂ ಇಲ್ಲ. ಸಂವಿಧಾನದ 72ನೇ ವಿಧಿ ಇರುವುದು ಶಿಕ್ಷೆಯ ಕ್ಷಮಾದಾನಕ್ಕೆ. ಮನವಿ ಕೊಡುವವರಿಗೂ ಇದು ಗೊತ್ತು. ಆ ಪದ ಇಲ್ಲದಿದ್ದರೆ ಪತ್ರಿಕೆಯಲ್ಲಿ ಜಾಗ ಸಿಗುವುದಿಲ್ಲ ಎಂಬುದೂ ಗೊತ್ತು. ಹಾಗಾಗಿ ಇದರ ಅರ್ಧ ಪಾಲು ಸುದ್ದಿಮನೆಯದೇ. ಸಂಬಳ ಎಷ್ಟು ತಿಂಗಳಿನದು ಬಾಕಿ, ಜಮೀನಿನ ಪರಿಹಾರ ಯಾವ ಕಡತದಲ್ಲಿ ಸಿಕ್ಕಿದೆ ಎಂಬುದು ತಲೆಬರಹವಾಗಲಿ. ಮನವಿ ಕೊಟ್ಟವರಲ್ಲಿ ಯಾರಾದರೂ ನಿಜಕ್ಕೂ ಸಾಯುವ ಮಾತಾಡುತ್ತಿದ್ದರೆ ಅವರಿಗೆ ಬೇಕಾದದ್ದು ಫೋಟೊ ಅಲ್ಲ, ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆ.

ಚರ್ಚೆಗೆ ಕರೆಯುವವರ ಪಟ್ಟಿಯೂ ಬದಲಾಗಬೇಕು. ಒಬ್ಬ ವಕೀಲರು, ಒಬ್ಬ ಧರ್ಮಗುರು, ಒಬ್ಬ ವಿಚಾರವಾದಿ, ನಡುವೆ ಅಳುವ ತಾಯಿಯ ದೃಶ್ಯ. ರಾತ್ರಿ ಪಾಳಿಯಲ್ಲಿ ರೋಗಿಯ ಪಕ್ಕ ಇರುವ ನರ್ಸ್, ಗಾಲಿಕುರ್ಚಿಯಲ್ಲಿ ಬದುಕು ಕಟ್ಟಿಕೊಂಡ ಅಂಗವಿಕಲರು, ಉಪಶಮನ ವೈದ್ಯರು, ವರ್ಷಗಟ್ಟಲೆ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಸೊಸೆ ಅಲ್ಲಿ ಕಾಣುವುದೇ ಅಪರೂಪ. ಜೈನರ ಸಲ್ಲೇಖನವನ್ನೂ ಈ ಚರ್ಚೆಗೆ ಎಳೆದು ತರುವವರಿದ್ದಾರೆ. ರಾಜಸ್ಥಾನ ಹೈಕೋರ್ಟ್ 2015ರ ಆಗಸ್ಟ್‌ನಲ್ಲಿ ಅದನ್ನು ಆತ್ಮಹತ್ಯೆ ಎಂದಾಗ ಅದೇ ತಿಂಗಳು ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಅದು ವೈದ್ಯರೂ ಯಂತ್ರವೂ ಇಲ್ಲದ ಬೇರೆಯೇ ವಿಷಯ, ಬೇರೆ ಲೇಖನಕ್ಕಿರಲಿ.

ಕೊನೆಯದಾಗಿ ಚಿತ್ರ ಮತ್ತು ತಿದ್ದುಪಡಿ. ಭಾರತದ ಚಿಕಿತ್ಸೆ ನಿಲುಗಡೆಯ ಸುದ್ದಿಗೆ ಸಿರಿಂಜಿನ ಫೋಟೊ ಹಾಕಬೇಡಿ. ಈ ಕಾನೂನಿನಲ್ಲಿ ಸಾವು ತರುವ ಸಿರಿಂಜ್ ಎಲ್ಲೂ ಇಲ್ಲ, ಆದರೆ ಓದುಗನ ತಲೆಯಲ್ಲಿ ಉಳಿಯುವುದು ಅದೇ. ತಪ್ಪಾದರೆ, ಮರುದಿನ ಒಳಪುಟದಲ್ಲಿ ಎರಡು ಸಾಲು ವಿಷಾದ ಮುದ್ರಿಸುವುದು ಅಚ್ಚಿನ ಕಾಲಕ್ಕೆ ಸಾಕಾಗಿತ್ತೇನೋ. ಈಗ ವಾಟ್ಸ್‌ಆ್ಯಪಿನಲ್ಲಿ ವರ್ಷಗಟ್ಟಲೆ ಓಡಾಡುವುದು ಜಾಲತಾಣದ ತಲೆಬರಹ ಮತ್ತು ಅದರ ಜೊತೆಗಿನ ಚಿತ್ರ. ಹಾಗಾಗಿ ತಿದ್ದುವುದಿದ್ದರೆ ಆ ತಲೆಬರಹವನ್ನೇ ತಿದ್ದಿ, ಚಿತ್ರ ಬದಲಿಸಿ, ಏನು ತಪ್ಪಾಗಿತ್ತು ಎಂಬುದನ್ನು ಮೊದಲ ಪ್ಯಾರಾದ ಮೇಲೆ ದಿನಾಂಕದೊಂದಿಗೆ ಹಾಕಬೇಕೆಂದು ಕೋರುತ್ತೇವೆ.

ಇಂತಿ,
ಉಪಶಮನ ಆರೈಕೆ ಮತ್ತು ತೀವ್ರ ನಿಗಾ ಚಿಕಿತ್ಸೆಯ ಕೆಲಸದಲ್ಲಿರುವ ಕೆಲವು ಓದುಗರು